ಫೋಲಿಕ್ ಆಮ್ಲ ಮಾತ್ರ ಸಾಲದು: ಅಕ್ಕಿ, ಮಾತ್ರೆ ಮತ್ತು ಮರೆತ ಬಿ12

ಪಡಿತರ ಅಂಗಡಿಯ ಅಕ್ಕಿಯಲ್ಲಿ ಪ್ಲಾಸ್ಟಿಕ್ ಕಾಳುಗಳು ಬೆರೆತಿವೆ ಎಂಬ ದೂರು ಕಳೆದ ಕೆಲವು ವರ್ಷಗಳಲ್ಲಿ ಕರ್ನಾಟಕದಲ್ಲಿಯೂ ನೆರೆಯ ಆಂಧ್ರದಲ್ಲಿಯೂ ಮತ್ತೆ ಮತ್ತೆ ಕೇಳಿಬಂದಿತು. ತೊಳೆಯುವಾಗ ನೀರಿನ ಮೇಲೆ ತೇಲುವ, ಬಣ್ಣದಲ್ಲಿ ತುಸು ಭಿನ್ನವಾಗಿ ಕಾಣುವ ಆ ಕಾಳುಗಳನ್ನು ಎಷ್ಟೋ ಮನೆಗಳಲ್ಲಿ ಆರಿಸಿ ಎಸೆದದ್ದುಂಟು. ಅವು ಪ್ಲಾಸ್ಟಿಕ್ ಅಲ್ಲ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ12 ಜೀವಸತ್ವವನ್ನು ಬೆರೆಸಿ, ಯಂತ್ರದಲ್ಲಿ ಒತ್ತಿ, ಮತ್ತೆ ಅಕ್ಕಿಯ ಆಕಾರಕ್ಕೆ ತಂದ ಕಾಳುಗಳು ಅವು. ನೂರು ಪಾಲು ಅಕ್ಕಿಗೆ ಒಂದು ಪಾಲಿನಂತೆ ಬೆರೆಸಲಾದವು. ಪ್ರಧಾನಿ 2021ರ ಆಗಸ್ಟ್ 15ರ ಭಾಷಣದಲ್ಲಿ ಈ ಸಾರವರ್ಧಿತ ಅಕ್ಕಿಯನ್ನು ಎಲ್ಲ ಸರ್ಕಾರಿ ಯೋಜನೆಗಳಿಗೂ ವಿಸ್ತರಿಸುವುದಾಗಿ ಸಾರಿದರು. 2024ರ ಮಾರ್ಚ್ ವೇಳೆಗೆ ಆ ಗುರಿ ಮುಟ್ಟಿರುವುದಾಗಿ ಕೇಂದ್ರ ಸರ್ಕಾರ ತಿಳಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಯೋಜನೆಯನ್ನು 2028ರ ಡಿಸೆಂಬರ್ ತನಕ ಮುಂದುವರಿಸಲು 17,082 ಕೋಟಿ ರೂಪಾಯಿಗಳಿಗೆ ಸಚಿವ ಸಂಪುಟ ಒಪ್ಪಿಗೆ ನೀಡಿತು.

ಈ ಕುರಿತು ನಡೆದ ಚರ್ಚೆಯೆಲ್ಲ ಬಹುತೇಕ ಕಬ್ಬಿಣದ ಸುತ್ತಲೇ ತಿರುಗಿತು. ಥಲಸ್ಸೀಮಿಯ ಇದ್ದವರಿಗೆ ಕಬ್ಬಿಣ ಸೇರಿಸಿದ ಅಕ್ಕಿ ಸಲ್ಲುವುದೇ, ಕುಡಗೋಲು ರಕ್ತಕಣದ ಕಾಯಿಲೆಯವರು ಏನು ಮಾಡಬೇಕು ಎಂಬ ಪ್ರಶ್ನೆಗಳು ನ್ಯಾಯಾಲಯದವರೆಗೂ ಹೋದವು. ಅವು ಸಕಾರಣವಾದ ಪ್ರಶ್ನೆಗಳೇ. ಆದರೆ ಉಳಿದ ಎರಡು ಪೋಷಕಾಂಶಗಳಿಗೆ ಪರಸ್ಪರ ಇರುವ ನಂಟನ್ನು ಕುರಿತು ಯಾರೂ ಹೆಚ್ಚು ಮಾತಾಡಲಿಲ್ಲ. ಹಾಲು ಮೊಸರನ್ನುಳಿದು ಬೇರಾವ ಪ್ರಾಣಿಜನ್ಯ ಆಹಾರವನ್ನೂ ಮುಟ್ಟದ ಮನೆಗಳು ಬಹಳವಾಗಿರುವ ನಮ್ಮ ಕನ್ನಡ ಸಮಾಜಕ್ಕೆ ಆ ನಂಟು ಕಬ್ಬಿಣದಷ್ಟೇ ಮುಖ್ಯವೆಂದು ನಾವು ಭಾವಿಸುತ್ತೇವೆ.

ಮೊದಲು ಲೆಕ್ಕವನ್ನು ನೋಡೋಣ. ನಿಗದಿತ ಮಾನದಂಡದಂತೆ ಒಂದು ಕಿಲೋ ಸಾರವರ್ಧಿತ ಅಕ್ಕಿಯಲ್ಲಿ 75ರಿಂದ 125 ಮೈಕ್ರೊಗ್ರಾಂ ಫೋಲಿಕ್ ಆಮ್ಲವೂ 0.75ರಿಂದ 1.25 ಮೈಕ್ರೊಗ್ರಾಂ ಬಿ12 ಜೀವಸತ್ವವೂ ಇರಬೇಕು. ದಿನಕ್ಕೆ 200 ಗ್ರಾಂ ಅಕ್ಕಿ ಉಣ್ಣುವವರಿಗೆ ದೊರೆಯುವುದು 15ರಿಂದ 25 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಹಾಗೂ ಹೆಚ್ಚೆಂದರೆ ಕಾಲು ಮೈಕ್ರೊಗ್ರಾಂ ಬಿ12. ವಯಸ್ಕರೊಬ್ಬರಿಗೆ ದಿನಕ್ಕೆ ಬೇಕಾದ ಬಿ12 ಎರಡು ಮೈಕ್ರೊಗ್ರಾಂಗಿಂತ ತುಸು ಹೆಚ್ಚು; ಅಕ್ಕಿ ಕೊಡುವುದು ಅದರ ಸುಮಾರು ಹತ್ತನೆಯ ಒಂದು ಪಾಲು. ಇದರಿಂದ ಅಪಾಯವಿಲ್ಲ, ಮಹತ್ತಾದ ಉಪಕಾರವೂ ಇಲ್ಲ. ಇನ್ನು ಗರ್ಭಿಣಿಯರಿಗೆ ಸರ್ಕಾರವೇ ಕೊಡುವ ಕೆಂಪು ಮಾತ್ರೆಯನ್ನು ತೆಗೆದುಕೊಳ್ಳಿ. 2018ರ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದ ಪ್ರಕಾರ ಅದರಲ್ಲಿರುವುದು 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ. ಒಂದೇ ಮಾತ್ರೆಯಲ್ಲಿ ಹೆಚ್ಚುಕಡಿಮೆ 25 ದಿನಗಳ ಅಕ್ಕಿಯ ಫೋಲಿಕ್ ಆಮ್ಲ! ಬಿ12 ಮಾತ್ರ ಸೊನ್ನೆ. ಹದಿಹರೆಯದವರಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯ ಕಥೆಯೂ ಇಷ್ಟೇ.

ಈ ಒಂಟಿತನಕ್ಕೆ ಒಂದು ಇತಿಹಾಸವಿದೆ. 1928ರಲ್ಲಿ ಇಂಗ್ಲೆಂಡಿನಿಂದ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ವೈದ್ಯೆ, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರ ತೀವ್ರ ರಕ್ತಹೀನತೆಯ ಕಾರಣವನ್ನು ಹುಡುಕುತ್ತಿದ್ದರು. ಯೀಸ್ಟಿನ ಸಾರವಾದ ಮಾರ್ಮೈಟನ್ನು ಕೊಟ್ಟಾಗ ಆ ಹೆಂಗಸರು ಚೇತರಿಸಿಕೊಂಡದ್ದನ್ನು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿ ಯಾವುದೋ ಒಂದು ವಸ್ತುವಿದೆ ಎಂಬುದು ಖಚಿತವಾಯಿತೇ ಹೊರತು ಅದೇನೆಂದು ತಿಳಿಯಲಿಲ್ಲ. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪನ್ನು ಟನ್ನುಗಟ್ಟಲೆ ಅರೆದು ಅದೇ ಗುಣದ ಒಂದು ವಸ್ತುವನ್ನು ಪಡೆದು, ಎಲೆಗೆ ಲ್ಯಾಟಿನ್ನಿನಲ್ಲಿರುವ ಹೆಸರಿನಿಂದಲೇ ಅದನ್ನು ಫೋಲಿಕ್ ಆಮ್ಲವೆಂದು ಕರೆದರು. ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸುವ ಬಗೆಯನ್ನು 1945ರಲ್ಲಿ ಸಾಧಿಸಿದ್ದು ಲೆಡರ್ಲೆ ಪ್ರಯೋಗಾಲಯದ ತಂಡ. ಆ ತಂಡದ ಮುಖ್ಯಸ್ಥರು ಗೋದಾವರಿ ಸೀಮೆಯ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್.

ಸುಬ್ಬರಾಯರ ಇಬ್ಬರು ಸಹೋದರರು ಸ್ಪ್ರೂ ಎಂಬ ಕರುಳಿನ ಕಾಯಿಲೆಗೆ ಬಲಿಯಾಗಿದ್ದರು. ತಿಂದದ್ದು ಮೈಗೆ ಹತ್ತದೆ, ಭೇದಿಯಿಂದ ಸೊರಗಿ, ರಕ್ತ ಬತ್ತಿ ಸಾಯುವ ರೋಗವದು. ತಾವೂ ಅದರಿಂದ ನರಳಿ, ಮದ್ರಾಸಿನ ಆಯುರ್ವೇದ ವೈದ್ಯ ಆಚಂಟ ಲಕ್ಷ್ಮೀಪತಿಯವರ ಚಿಕಿತ್ಸೆಯಿಂದ ಬದುಕಿಕೊಂಡವರು. ಮುಂದೆ ಅವರ ತಂಡವೇ ತಯಾರಿಸಿದ ಫೋಲಿಕ್ ಆಮ್ಲವು ಸ್ಪ್ರೂ ರೋಗಿಗಳಿಗೆ ಔಷಧವಾಯಿತು. ಇಷ್ಟಕ್ಕೂ ಅವರು ಯಕೃತ್ತಿನ ಸಾರದಲ್ಲಿ ಹುಡುಕುತ್ತಿದ್ದದ್ದು ಇನ್ನೊಂದು ವಸ್ತುವನ್ನು, ಅಂದರೆ ಮಾರಕ ರಕ್ತಹೀನತೆಯನ್ನು ಗುಣಪಡಿಸುವ ಅಂಶವನ್ನು. ಆ ಅಂಶ, ಅಂದರೆ ಬಿ12, ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಬೇರೆ ತಂಡಗಳ ಕೈಗೆ ಸಿಕ್ಕಿದ್ದು 1948ರಲ್ಲಿ. ಅದೇ ವರ್ಷದ ಆಗಸ್ಟಿನಲ್ಲಿ ಸುಬ್ಬರಾಯರು ತೀರಿಕೊಂಡರು. ಹೀಗೆ ಫೋಲಿಕ್ ಆಮ್ಲ ಮೂರು ವರ್ಷ ಮೊದಲೇ ಮಾರುಕಟ್ಟೆಗೆ ಬಂದಿತು, ಬಿ12 ಹಿಂದುಳಿಯಿತು. ಆ ಮೂರು ವರ್ಷಗಳ ಅಂತರ ಇಂದಿಗೂ ನಮ್ಮ ಮಾತ್ರೆಯ ಹಾಳೆಗಳಲ್ಲಿ ಉಳಿದಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ದೇಹವು ಇವೆರಡನ್ನೂ ಬಳಸುವ ಬಗೆಯನ್ನು ನೋಡಿದರೆ ಇದೇಕೆ ಚಿಂತೆಯ ವಿಷಯವೆಂಬುದು ತಿಳಿಯುತ್ತದೆ. ಸೊಪ್ಪು, ಕಾಳುಗಳಲ್ಲಿರುವ ಫೋಲೇಟಿಗೆ ಗ್ಲುಟಮೇಟ್ ಅಣುಗಳ ಉದ್ದನೆಯ ಬಾಲವಿರುತ್ತದೆ. ಸಣ್ಣ ಕರುಳಿನ ಗೋಡೆಯ ಕಿಣ್ವಗಳು ಬಾಲವನ್ನು ಕತ್ತರಿಸಿದ ಮೇಲೆಯೇ ಅದು ಒಳಗೆ ಪ್ರವೇಶಿಸುವುದು; ಗೋಡೆಯನ್ನು ದಾಟುವಷ್ಟರಲ್ಲಿ ಬಹುಪಾಲು ಮೀಥೈಲ್ ಫೋಲೇಟ್ ಆಗಿ ಮಾರ್ಪಟ್ಟು ರಕ್ತವನ್ನು ಸೇರುತ್ತದೆ. ಮಾತ್ರೆಯ ಫೋಲಿಕ್ ಆಮ್ಲಕ್ಕೆ ಆ ಬಾಲವಿಲ್ಲ. ಅದು ಸ್ಥಿರವಾದ ವಸ್ತು, ಸುಲಭವಾಗಿ ಹೀರಲ್ಪಡುತ್ತದೆ. ಆಹಾರದ ಫೋಲೇಟಿಗೆ ಹೋಲಿಸಿದರೆ ಅದರ ಬಲ ಸುಮಾರು 1.7 ಪಟ್ಟು ಎಂದು ತಜ್ಞರು ಲೆಕ್ಕ ಹಾಕುತ್ತಾರೆ. ಆದರೆ ಅದು ಹಾಗೆಯೇ ಕೆಲಸಕ್ಕೆ ಬಾರದು. ಯಕೃತ್ತಿನ ಒಂದು ಕಿಣ್ವ ಅದನ್ನು ಎರಡು ಹಂತಗಳಲ್ಲಿ ಪರಿವರ್ತಿಸಬೇಕು. ಮನುಷ್ಯರಲ್ಲಿ ಆ ಕಿಣ್ವ ನಿಧಾನಗತಿಯದು. ಒಂದೇ ಸಲಕ್ಕೆ ಇನ್ನೂರು ಮುನ್ನೂರು ಮೈಕ್ರೊಗ್ರಾಂ ಮೀರಿದರೆ ಪರಿವರ್ತನೆಯಾಗದ ಫೋಲಿಕ್ ಆಮ್ಲ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ. ಅದರಿಂದ ಕೇಡಾಗುವುದೆಂದು ಈವರೆಗೆ ಸಿದ್ಧಪಟ್ಟಿಲ್ಲವಾದರೂ, ನಮ್ಮ ಔಷಧ ಅಂಗಡಿಗಳಲ್ಲಿ 5 ಮಿಲಿಗ್ರಾಂ, ಎಂದರೆ 5000 ಮೈಕ್ರೊಗ್ರಾಂ ಮಾತ್ರೆಯೇ ಸಾಮಾನ್ಯವೆಂಬುದನ್ನು ಗಮನಿಸಬೇಕು.

ಬಿ12 ಪಯಣ ಇನ್ನೂ ದುರ್ಗಮವಾದುದು. ಜಠರದ ಆಮ್ಲ ಅದನ್ನು ಆಹಾರದಿಂದ ಬಿಡಿಸಬೇಕು, ಜಠರವೇ ಸ್ರವಿಸುವ ಒಂದು ಪ್ರೋಟೀನು ಅದನ್ನು ಜತನವಾಗಿ ಹಿಡಿದು ಸಣ್ಣ ಕರುಳಿನ ಕೊನೆಯ ಭಾಗಕ್ಕೆ ತಲುಪಿಸಬೇಕು. ಈ ದಾರಿಯಲ್ಲಿ ಒಂದು ಊಟಕ್ಕೆ ಒಂದೂವರೆ ಎರಡು ಮೈಕ್ರೊಗ್ರಾಂಗಿಂತ ಹೆಚ್ಚು ಸಾಗದು. ಅದನ್ನು ಮೀರಿದ್ದರಲ್ಲಿ ನೂರಕ್ಕೆ ಒಂದು ಪಾಲಷ್ಟೇ ತಾನಾಗಿ ಒಳಗೆ ಸೋರಿಕೊಳ್ಳುತ್ತದೆ. 1500 ಮೈಕ್ರೊಗ್ರಾಂ ಎಂದು ಬರೆದ ಮಾತ್ರೆಯಿಂದ ದೇಹಕ್ಕೆ ಸಲ್ಲುವುದು ಸುಮಾರು 15 ಮೈಕ್ರೊಗ್ರಾಂ ಎಂಬುದು ಇದರಿಂದಲೇ, ಅಷ್ಟಾದರೂ ಧಾರಾಳವೇ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಎದೆಯುರಿಗೆ ಆಮ್ಲ ತಗ್ಗಿಸುವ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುವವರಲ್ಲಿ ಈ ದಾರಿಯೂ ಕುಂಠಿತವಾಗುತ್ತದೆ. ಯಕೃತ್ತಿನಲ್ಲಿ ಕೆಲವು ವರ್ಷಗಳಿಗೆ ಸಾಕಾಗುವ ದಾಸ್ತಾನು ಇರುವುದರಿಂದ ಕೊರತೆ ತಡವಾಗಿ, ಸದ್ದಿಲ್ಲದೆ ತಲೆದೋರುತ್ತದೆ.

ಇವೆರಡೂ ಸಂಧಿಸುವುದು ಒಂದೇ ಒಂದು ಎಡೆಯಲ್ಲಿ. ವಿಜಯವಾಡಕ್ಕೆ ಹೋದವರು ನಗರದ ಹೊರವಲಯದ ಇಬ್ರಾಹಿಂಪಟ್ನಂ ಬಳಿ ಗೋದಾವರಿಯ ನೀರು ಕೃಷ್ಣೆಯನ್ನು ಸೇರುವ ಸಂಗಮವನ್ನು ನೋಡಿರಬಹುದು. ಪಟ್ಟಿಸೀಮ ಏತ ನೀರಾವರಿಯಿಂದ 2015ರಲ್ಲಿ ಹರಿಯತೊಡಗಿದ ಆ ನೀರು ಪೋಲವರಂ ಬಲದಂಡೆ ನಾಲೆಯಲ್ಲಿ ಬಂದು ಅಲ್ಲಿ ನಮ್ಮ ಕೃಷ್ಣೆಯೊಡನೆ ಕೂಡಿ, ಪ್ರಕಾಶಂ ಬ್ಯಾರೇಜಿನ ಮೂಲಕ ಕೆಳಗಿನ ಗದ್ದೆಗಳಿಗೆ ಹೋಗುತ್ತದೆ. ಆ ಸಂಗಮದ ಬಾಯಿಗೆ ಒಂದು ತೂಬಿದೆಯೆಂದೂ ಅದು ಮುಚ್ಚಿಹೋಗಿದೆಯೆಂದೂ ಒಂದು ಕ್ಷಣ ಕಲ್ಪಿಸಿಕೊಳ್ಳೋಣ. ನಾಲೆಯಲ್ಲಿ ನೀರು ತುಂಬಿ ತುಳುಕುತ್ತಿರುತ್ತದೆ. ಅಳೆಯಲು ಬಂದ ಅಧಿಕಾರಿ ನೀರು ಯಥೇಚ್ಛವಾಗಿದೆಯೆಂದು ಬರೆದುಕೊಂಡು ಹೋಗುತ್ತಾನೆ. ಗದ್ದೆಗಳು ಮಾತ್ರ ಬಿರುಕುಬಿಟ್ಟಿರುತ್ತವೆ. ನಮ್ಮ ಜೀವಕೋಶಗಳಲ್ಲಿ ಆ ತೂಬನ್ನು ತೆರೆಯುವುದು ಬಿ12. ಮೀಥೈಲ್ ಫೋಲೇಟ್ ತನ್ನ ಮೀಥೈಲ್ ಗುಂಪನ್ನು ಹೋಮೋಸಿಸ್ಟೀನಿಗೆ ಒಪ್ಪಿಸಿ ಅದನ್ನು ಮೀಥಿಯೋನಿನ್ ಆಗಿಸಬೇಕು. ಆ ಕ್ರಿಯೆಯ ಕಿಣ್ವಕ್ಕೆ ಬಿ12 ಇಲ್ಲದೆ ನಡೆಯದು. ಮೀಥೈಲ್ ಗುಂಪನ್ನು ಇಳಿಸಿದ ಮೇಲೆಯೇ ಫೋಲೇಟು ಬಿಡುಗಡೆಗೊಂಡು ಹೊಸ ಕೋಶಗಳ ಡಿಎನ್‌ಎ ಕಟ್ಟುವ ಕೆಲಸಕ್ಕೆ ಒದಗುವುದು. ಬಿ12 ಇಲ್ಲದಿದ್ದರೆ ರಕ್ತಪರೀಕ್ಷೆಯಲ್ಲಿ ಫೋಲೇಟು ತುಂಬ ಇದ್ದರೂ ಅಸ್ಥಿಮಜ್ಜೆಯಲ್ಲಿ ಬರ.

ಮಾತ್ರೆಯ ಫೋಲಿಕ್ ಆಮ್ಲಕ್ಕೆ ಒಂದು ಅಡ್ಡಗಾಲುವೆಯುಂಟು. ಅದು ಯಕೃತ್ತಿನಲ್ಲಿ ಪರಿವರ್ತನೆಗೊಂಡಾಗ ಈ ತೂಬನ್ನು ಹಾಯದೆಯೇ ನೇರವಾಗಿ ಡಿಎನ್‌ಎ ಕೆಲಸಕ್ಕೆ ಸಲ್ಲಬಲ್ಲದು. ಆದ್ದರಿಂದ ಬಿ12 ಕೊರತೆಯವರಿಗೂ ಹೆಚ್ಚಿನ ಫೋಲಿಕ್ ಆಮ್ಲ ಕೊಟ್ಟರೆ ರಕ್ತ ಕೆಂಪಾಗುತ್ತದೆ, ಮುಖಕ್ಕೆ ಕಳೆ ಬರುತ್ತದೆ. ಆದರೆ ನರಗಳ ಹೊದಿಕೆಗೆ ಬೇಕಾದ ಬಿ12 ಕೆಲಸಗಳು ನಿಂತೇ ಇರುತ್ತವೆ. 1940ರ ದಶಕದ ಕೊನೆಯಲ್ಲಿ ಮಾರಕ ರಕ್ತಹೀನತೆಯ ರೋಗಿಗಳಿಗೆ ಫೋಲಿಕ್ ಆಮ್ಲವನ್ನಷ್ಟೇ ಕೊಟ್ಟ ವೈದ್ಯರು ಕಂಡದ್ದು ಇದನ್ನೇ: ರಕ್ತ ಸುಧಾರಿಸಿತು, ಕಾಲುಗಳು ಜೋಮು ಹಿಡಿದವು, ನಡಿಗೆ ತಪ್ಪಿತು. ಬೆನ್ನುಹುರಿಯ ಈ ಹಾನಿ ಬಹಳ ಮುಂದುವರಿದರೆ ಪೂರ್ಣವಾಗಿ ಹಿಂತಿರುಗುವುದಿಲ್ಲ. ಪರಿವರ್ತನೆಗೊಂಡ ರೂಪದಲ್ಲಿಯೇ, ಅಂದರೆ ಮೀಥೈಲ್ ಫೋಲೇಟ್ ಎಂದು ದುಬಾರಿ ಬೆಲೆಗೆ ಮಾರುವ ಮಾತ್ರೆಗಳೂ ಈಗ ಬಂದಿವೆ. ಅವು ಸೇರುವುದು ಮುಚ್ಚಿದ ತೂಬಿನ ಹಿಂದಿನ ನಾಲೆಯನ್ನೇ ಎಂಬುದನ್ನು ಮಾರುವವರು ಹೇಳುವುದಿಲ್ಲ.

ಇದೆಲ್ಲ ಪುಸ್ತಕದ ಮಾತೆಂದು ತಳ್ಳಿಹಾಕುವಂತಿಲ್ಲ. ಸಾಕ್ಷ್ಯ ನಮ್ಮ ಊರುಗಳಿಂದಲೇ ಬಂದಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಹಳೆಯ ಮೈಸೂರಿಗರ ಮಿಷನ್ ಆಸ್ಪತ್ರೆಯಲ್ಲಿ, 1997-98ರಲ್ಲಿ ಗರ್ಭಿಣಿಯರಾಗಿದ್ದವರ ರಕ್ತವನ್ನು ಪರೀಕ್ಷಿಸಿದಾಗ ನೂರಕ್ಕೆ 43 ಮಂದಿಯಲ್ಲಿ ಬಿ12 ಕಡಿಮೆಯಿತ್ತು. ಫೋಲೇಟ್ ಕೊರತೆ ಇದ್ದವರು ನೂರಕ್ಕೆ ಕೇವಲ 4. ಜಿ.ವಿ. ಕೃಷ್ಣವೇಣಿಯವರೂ ಸಂಗಡಿಗರೂ 2009ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ, ಬಿ12 ಕಡಿಮೆಯಿದ್ದ ಹೆಂಗಸರ ಪೈಕಿ ಫೋಲೇಟ್ ಹೆಚ್ಚಿದಂತೆಲ್ಲ ಗರ್ಭಕಾಲದ ಸಕ್ಕರೆ ಕಾಯಿಲೆಯೂ ಹೆಚ್ಚಾಗಿ ಕಂಡಿತು. ಅದಕ್ಕೂ ಮುನ್ನ 2008ರಲ್ಲಿ, ಪುಣೆಯ ಬಳಿಯ ಹಳ್ಳಿಗಳಲ್ಲಿ ಚಿತ್ತರಂಜನ ಯಾಜ್ಞಿಕರ ತಂಡ ತಾಯಂದಿರನ್ನೂ ಅವರ ಆರು ವರ್ಷದ ಮಕ್ಕಳನ್ನೂ ಪರಿಶೀಲಿಸಿತ್ತು. ಬಿ12 ಕಡಿಮೆ, ಫೋಲೇಟ್ ಹೆಚ್ಚು ಇದ್ದ ತಾಯಂದಿರ ಮಕ್ಕಳಲ್ಲೇ ಇನ್ಸುಲಿನ್ನಿಗೆ ಮೈ ಸ್ಪಂದಿಸದ ದೋಷ ಎಲ್ಲರಿಗಿಂತ ಹೆಚ್ಚಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ 2013ರಲ್ಲಿ, ಫೋಲೇಟ್ ಸೇವನೆ ಹೆಚ್ಚಾಗಿ ಬಿ12 ಸೇವನೆ ಕಡಿಮೆಯಾದ ಗರ್ಭಿಣಿಯರಿಗೆ ತೂಕ ಕಡಿಮೆಯ ಶಿಶುಗಳು ಹುಟ್ಟುವ ಸಂಭವ ಹೆಚ್ಚೆಂದು ವರದಿ ಮಾಡಿತು. ಅದೇ ಸಂಸ್ಥೆಯ ಇನ್ನೊಂದು ಪ್ರಯೋಗದಲ್ಲಿ ದಿನಕ್ಕೆ 50 ಮೈಕ್ರೊಗ್ರಾಂ ಬಿ12 ಕೊಟ್ಟಾಗ ತಾಯಿಯ ರಕ್ತದಲ್ಲಿಯೂ ಶಿಶುವಿನ ರಕ್ತದಲ್ಲಿಯೂ ಅದರ ಮಟ್ಟ ಏರಿದ್ದು 2014ರಲ್ಲಿ ಪ್ರಕಟವಾಯಿತು. ಇವುಗಳಲ್ಲಿ ಹೆಚ್ಚಿನವು ಸಂಬಂಧವನ್ನು ತೋರಿಸುವ ಅಧ್ಯಯನಗಳು, ಕಾರಣವನ್ನು ಸಿದ್ಧಪಡಿಸುವಂಥವಲ್ಲ. ಆದರೂ ಮೂರು ಊರುಗಳಿಂದ ಒಂದೇ ದಿಕ್ಕಿನ ಸೂಚನೆ ಬಂದಾಗ ಅದನ್ನು ಕಡೆಗಣಿಸುವುದು ಜಾಣತನವಲ್ಲ.

ಹಾಗೆಂದು ಫೋಲಿಕ್ ಆಮ್ಲವನ್ನು ಖಳನನ್ನಾಗಿಸುವುದು ದೊಡ್ಡ ತಪ್ಪಾದೀತು. ಭ್ರೂಣದ ನರನಾಳ ಮುಚ್ಚಿಕೊಳ್ಳುವುದು ಗರ್ಭಧಾರಣೆಯಾದ 28 ದಿನಗಳೊಳಗೆ, ಎಷ್ಟೋ ಸಲ ಗರ್ಭ ನಿಂತಿದೆಯೆಂದು ತಾಯಿಗೆ ತಿಳಿಯುವ ಮೊದಲೇ. ಅದು ಮುಚ್ಚದಿದ್ದರೆ ಮಗುವಿನ ಬೆನ್ನುಹುರಿ ತೆರೆದೇ ಉಳಿಯಬಹುದು, ಮಿದುಳೇ ಬೆಳೆಯದಿರಬಹುದು. ಒಮ್ಮೆ ಇಂಥ ಶಿಶುವನ್ನು ಹೆತ್ತ ತಾಯಂದಿರಿಗೆ ಫೋಲಿಕ್ ಆಮ್ಲವನ್ನು ಮುಂಚಿತವಾಗಿ ಕೊಟ್ಟರೆ ದೋಷ ಮರುಕಳಿಸುವ ಸಂಭವ ನೂರಕ್ಕೆ 72ರಷ್ಟು ತಗ್ಗುತ್ತದೆಂದು 1991ರ ಬ್ರಿಟಿಷ್ ಪ್ರಯೋಗ ತೋರಿಸಿತು. ಮೈಸೂರಿನದೇ ತಾಯಂದಿರ ಮಕ್ಕಳನ್ನು ಒಂಬತ್ತು ಹತ್ತನೆಯ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ಬಸಿರಿನಲ್ಲಿ ಫೋಲೇಟ್ ಹೆಚ್ಚಿದ್ದವರ ಮಕ್ಕಳ ಬುದ್ಧಿಶಕ್ತಿಯ ಅಂಕಗಳೇ ಮೇಲಿದ್ದವು. ಇನ್ನು ಮೈಸೂರು, ಪುಣೆಗಳಂತೆಯೇ ದೇಶವೆಲ್ಲ ಇದೆಯೆಂದೂ ತಿಳಿಯಬಾರದು. 2016-18ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ಹದಿಹರೆಯದವರ ಪೈಕಿ ನೂರಕ್ಕೆ 37 ಮಂದಿಗೆ ಫೋಲೇಟ್ ಕೊರತೆಯೂ 31 ಮಂದಿಗೆ ಬಿ12 ಕೊರತೆಯೂ ಕಂಡುಬಂದವು. ಕೊರತೆ ಎರಡರದೂ ಇದೆ. ನಾವು ಒಂದನ್ನಷ್ಟೇ ತುಂಬಿಸುತ್ತಿದ್ದೇವೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ರಕ್ತಹೀನತೆ ಕರ್ನಾಟಕದಲ್ಲಿ ನೂರಕ್ಕೆ 47.8, ಆಂಧ್ರಪ್ರದೇಶದಲ್ಲಿ 58.8. ದಶಕಗಳಿಂದ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ಹಂಚಿದ ಮೇಲಿನ ಅಂಕಿಗಳಿವು. ಮಾತ್ರೆ ತಲುಪುವುದಿಲ್ಲ, ತಲುಪಿದರೂ ನುಂಗುವುದಿಲ್ಲ ಎಂಬುದು ಅಧಿಕಾರಿಗಳ ವಾಡಿಕೆಯ ವಿವರಣೆ, ಅದರಲ್ಲಿ ಸತ್ಯವೂ ಇದೆ. ಕಬ್ಬಿಣದ ಮಾತ್ರೆ ತರುವ ಹೊಟ್ಟೆಯುಬ್ಬರ, ಮಲಬದ್ಧತೆಗಳನ್ನು ಬಲ್ಲವರೇ ಬಲ್ಲರು. ಆದರೆ ಅದೇ ಪೋಷಣಾ ಸಮೀಕ್ಷೆಯ ರಕ್ತದ ಮಾದರಿಗಳನ್ನು ವಿಶ್ಲೇಷಿಸಿದಾಗ, ರಕ್ತಹೀನರಾದ ಹದಿಹರೆಯದವರಲ್ಲಿ ಸುಮಾರು ಕಾಲು ಭಾಗಕ್ಕೆ ಫೋಲೇಟ್ ಅಥವಾ ಬಿ12 ಕೊರತೆ ಕಾರಣವೆಂದು ತೋರಿತು; ಕಬ್ಬಿಣದ ಕೊರತೆಯ ಪಾಲು ಐದನೆಯ ಒಂದರಷ್ಟು ಮಾತ್ರ. ಹೀಗಿರುವಾಗ ಕೆಂಪು ಮಾತ್ರೆಗೂ ನೀಲಿ ಮಾತ್ರೆಗೂ ಬಿ12 ಸೇರಿಸಲು ಇನ್ನೂ ಎಷ್ಟು ಕಾಲ ಕಾಯಬೇಕು? ನೂರು ಕಾಳಿಗೊಂದರಂತೆ ಬೆರೆಸುವ ಅಕ್ಕಿಗೆ ಅದು ಸೇರಬಹುದಾದರೆ, ಗರ್ಭಿಣಿಯ ಅಂಗೈಗೆ ನೇರವಾಗಿ ಬೀಳುವ ಮಾತ್ರೆಗೆ ಸೇರದಿರಲು ನಮಗೆ ತಕ್ಕ ಕಾರಣ ಕಾಣುತ್ತಿಲ್ಲ. ಬಿ12 ಹೆಚ್ಚಾದರೆ ವಿಷವಾಗುವ ಭಯವೂ ಇಲ್ಲ, ದೇಹಕ್ಕೆ ಬೇಡದ್ದು ಮೂತ್ರದಲ್ಲಿ ಹೋಗುತ್ತದೆ.

ಅಡಿಗೆಮನೆಯ ವಿಚಾರಕ್ಕೆ ಬಂದರೆ, ಫೋಲೇಟಿನ ಮಟ್ಟಿಗೆ ನಮ್ಮ ಹಳೆಯ ಪಾಕಪದ್ಧತಿ ಬಡವಲ್ಲ. ಫೋಲೇಟು ನೀರಿನಲ್ಲಿ ಕರಗುತ್ತದೆ, ಕುದಿಸಿದಾಗ ಸೊಪ್ಪಿನಿಂದ ಕಟ್ಟಿಗಿಳಿಯುತ್ತದೆ. ದಂಟು, ಹರಿವೆ, ಹೆಸರುಕಾಳು, ಅಲಸಂದೆಗಳನ್ನು ಬೇಯಿಸಿ ಬಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡುವ ಬಸ್ಸಾರಿನ ಜಾಣ್ಮೆ ಹಳೆ ಮೈಸೂರಿನ ರೈತ ಮನೆಗಳದ್ದು. ನಗರದ ಅಪಾರ್ಟ್‌ಮೆಂಟುಗಳಲ್ಲಿ ಆ ಕಟ್ಟು ಸಿಂಕಿಗೆ ಹೋಗುತ್ತಿದೆ. ಬಿ12 ಮಾತ್ರ ಯಾವ ಸೊಪ್ಪಿನಲ್ಲಿಯೂ ಯಾವ ಕಾಳಿನಲ್ಲಿಯೂ ಇಲ್ಲ. ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರು, ಇಷ್ಟೇ ಅದರ ಮನೆ. ದಿನಕ್ಕೆರಡು ಲೋಟ ಹಾಲು ಅಗತ್ಯದ ದೊಡ್ಡ ಪಾಲನ್ನು ಒದಗಿಸಬಲ್ಲದು. ಕಾಫಿಗೆ ಬೀಳುವ ಎರಡು ಚಮಚ ಹಾಲನ್ನೂ ನೀರು ಮಜ್ಜಿಗೆಯನ್ನೂ ಈ ಲೆಕ್ಕಕ್ಕೆ ಹಿಡಿಯಬಾರದು.

ಅಂಗಡಿಯಲ್ಲಿ ಚೀಟಿಯಿಲ್ಲದೆ ದೊರೆಯುವ ಬಿ-ಕಾಂಪ್ಲೆಕ್ಸ್ ಕುರಿತು ಒಂದು ಮಾತು. ಅದನ್ನು ನುಂಗಿದ ದಿನ ಮೂತ್ರ ಗಾಢ ಹಳದಿಯಾಗುವುದು ಬಿ2 ಹೊರಹೋಗುತ್ತಿರುವುದರಿಂದ, ಅದಕ್ಕೆ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಬಿ6 ಬಗ್ಗೆ: ನರಗಳಿಗೆ ಒಳ್ಳೆಯದೆಂದು ಹೆಚ್ಚಿನ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಸೇವಿಸಿದರೆ ಅದೇ ನರಗಳನ್ನು ಕೆಡಿಸಿ ಪಾದಗಳನ್ನು ಮರಗಟ್ಟಿಸುತ್ತದೆ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಪಡೆಯುವವರ ಪ್ರಸಂಗ ಬೇರೆ. ಅದು ಸುಬ್ಬರಾಯರ ತಂಡವೇ ರೂಪಿಸಿದ, ಫೋಲೇಟಿನ ದಾರಿಗೆ ಅಡ್ಡ ಹಾಕುವ ಔಷಧ. ಆ ಬಗೆಯ ಅಮಿನೊಪ್ಟೆರಿನ್‌ನಿಂದಲೇ ಬಾಸ್ಟನ್ನಿನ ಸಿಡ್ನಿ ಫಾರ್ಬರ್ 1947-48ರಲ್ಲಿ ರಕ್ತ ಕ್ಯಾನ್ಸರಿನ ಮಕ್ಕಳಿಗೆ ಮೊದಲ ಬಾರಿಗೆ ತಾತ್ಕಾಲಿಕ ಉಪಶಮನ ತಂದದ್ದು. ಸಂಧಿವಾತದವರು ವಾರಕ್ಕೊಮ್ಮೆ ಮಾತ್ರ ನುಂಗಬೇಕಾದ ಈ ಮಾತ್ರೆಯ ಜೊತೆಗೆ ಫೋಲಿಕ್ ಆಮ್ಲವನ್ನು ವೈದ್ಯರು ಬರೆದಿದ್ದರೆ ಅದನ್ನು ತಾವಾಗಿ ಬಿಡತಕ್ಕದ್ದಲ್ಲ.

ಹೊರನಾಡಿನ ಬಂಧುಗಳಿಗೂ ಇದು ಸಂಬಂಧಿಸಿದ ಸಂಗತಿಯೇ. ಅಮೆರಿಕ 1998ರಿಂದ ಹಿಟ್ಟಿಗೆ ಫೋಲಿಕ್ ಆಮ್ಲ ಸೇರಿಸುವುದನ್ನು ಕಡ್ಡಾಯ ಮಾಡಿತು. ಬಹುಕಾಲ ಹಿಂಜರಿದ ಬ್ರಿಟನ್ 2024ರ ನವೆಂಬರಿನಲ್ಲಿ ಶಾಸನ ರಚಿಸಿ, 2026ರ ಅಂತ್ಯದಿಂದ ಪ್ರತಿ 100 ಗ್ರಾಂ ಹಿಟ್ಟಿಗೆ 250 ಮೈಕ್ರೊಗ್ರಾಂ ಸೇರಿಸಬೇಕೆಂದು ನಿಗದಿಪಡಿಸಿತು. ಇಡಿಗೋಧಿಯ ಹಿಟ್ಟಿಗೆ ವಿನಾಯಿತಿ ಕೊಟ್ಟಿತು. ಹೀಗಾಗಿ ಇಡಿಗೋಧಿಯ ಚಪಾತಿಯಿಂದ ಅದು ದೊರೆಯದು, ಬಿಳಿ ಬ್ರೆಡ್ಡು ಬಿಸ್ಕತ್ತುಗಳಿಂದ ದೊರೆಯುವುದು. ಎರಡೂ ದೇಶಗಳ ಹಿಟ್ಟಿನ ನಿಯಮದಲ್ಲಿ ಬಿ12 ಸೇರಿಲ್ಲ. ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಲ್ಲಿಗೆ ಹೊರಡುವ ಸಸ್ಯಾಹಾರಿ ತಂದೆತಾಯಂದಿರು, ಅದರಲ್ಲಿಯೂ ಮೆಟ್‌ಫಾರ್ಮಿನ್ ನುಂಗುತ್ತಿರುವ ಹಿರಿಯರು, ವೀಸಾ ಕಾಗದಗಳ ಜೊತೆಗೆ ಬಿ12 ರಕ್ತಪರೀಕ್ಷೆಯ ಚೀಟಿಯೊಂದನ್ನೂ ತಮ್ಮ ವೈದ್ಯರಿಂದ ಬರೆಸಿಕೊಳ್ಳಬೇಕೆಂದು ಕೋರುತ್ತೇವೆ. ಬಸುರಿಯಾಗಿರುವ ಮಗಳು ತನ್ನ ಪರೀಕ್ಷೆಯನ್ನು ಅಲ್ಲಿನ ದಾದಿಯಲ್ಲಿ ಕೇಳಿ ಮಾಡಿಸಿಕೊಳ್ಳಬಹುದು.